ಆಧಾರದ ಉತಾರ: ವೈದ್ಯಕೀಯ ಲೇಖನದಲ್ಲಿ ಉಲ್ಲೇಖ ಬರೆಯುವ ಕ್ರಮ

ಜಮಖಂಡಿ ತಾಲೂಕಿನ ತುಬಚಿಯಲ್ಲಿ ನಿಂತು ಒಬ್ಬರ ಹೊಲ ಎಲ್ಲಿದೆಯೆಂದು ಕೇಳಿದರೆ, "ಆ ಬೇವಿನ ಗಿಡದ ಆಚೆ, ಕಬ್ಬು ಕಾಣಸ್ತದಲ್ಲ, ಅದೇ" ಎಂದು ಕೈಮಾಡಿ ತೋರಿಸುವವರು ಸಿಗುತ್ತಾರೆ. ಊರಿನೊಳಗೆ ಅಷ್ಟು ಸಾಕು. ಆದರೆ ಅದೇ ಹೊಲದ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಬೇವಿನ ಗಿಡದ ಮಾತು ನಡೆಯದು, ಉತಾರ ಬೇಕು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಹಕ್ಕುದಾರರ ಹೆಸರು ಇವಿಷ್ಟಿದ್ದರೆ ಊರನ್ನೇ ಕಾಣದ ಅಧಿಕಾರಿಯೂ ಆ ಹೊಲವನ್ನು ಗುರುತಿಸಬಲ್ಲರು.

ವೈದ್ಯಕೀಯ ನಿಯತಕಾಲಿಕದ ಲೇಖನವೊಂದರ ಕೊನೆಯಲ್ಲಿ ಬರುವ ಉಲ್ಲೇಖಗಳ ಪಟ್ಟಿಯೂ ಇಂಥದೇ ಉತಾರ. ಲೇಖಕ ಹೇಳಿದ ಮಾತಿಗೆ ಆಧಾರ ಎಲ್ಲಿದೆ ಎಂಬುದನ್ನು, ಆ ಲೇಖಕನ ಪರಿಚಯವೇ ಇಲ್ಲದ ಓದುಗ ತಾನೇ ಹೋಗಿ ನೋಡಿಬರುವಂತೆ ಬರೆದಿಡುವುದು ಅದರ ಉದ್ದೇಶ. ಅಲ್ಪವಿರಾಮ, ಅರ್ಧವಿರಾಮಗಳ ನಿಯಮಗಳೆಲ್ಲ ಹುಟ್ಟಿದ್ದು ಈ ಉದ್ದೇಶಕ್ಕಾಗಿಯೇ.

ನಮ್ಮ ನಾಡಿನದೇ ಒಂದು ಉದಾಹರಣೆ ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಉಣ್ಣೆಗಳಿಂದ ಹರಡುವ ಹೊಸ ವೈರಸ್ಸನ್ನು ಪತ್ತೆಹಚ್ಚಿದರು. ಅದೇ ಇಂದು ನಾವು ಮಂಗನ ಕಾಯಿಲೆ ಎನ್ನುವ ರೋಗ. ಅವರು ಅದೇ ವರ್ಷ ಪ್ರಕಟಿಸಿದ ವರದಿಯೊಂದನ್ನು ಉಲ್ಲೇಖಿಸುವ ಬಗೆ, ಶೀರ್ಷಿಕೆಯನ್ನು ಕನ್ನಡಿಸಿ ಹೇಳುವುದಾದರೆ, ಹೀಗೆ:

ವರ್ಕ್ ಟಿಎಚ್, ಟ್ರಾಪಿಡೊ ಎಚ್, ಮೂರ್ತಿ ಡಿಪಿ, ರಾವ್ ಆರ್‌ಎಲ್, ಭಟ್ ಪಿಎನ್, ಕುಲಕರ್ಣಿ ಕೆಜಿ. ಕ್ಯಾಸನೂರು ಅರಣ್ಯ ರೋಗ. 3. ಮನುಷ್ಯರಲ್ಲಿ ಸೋಂಕಿನ ಸ್ವರೂಪ ಮತ್ತು ರೋಗಲಕ್ಷಣಗಳ ಪ್ರಾಥಮಿಕ ವರದಿ. ಇಂಡಿಯನ್ ಜೆ ಮೆಡ್ ಸೈ. 1957;11:619-45.

ಇದನ್ನು ಬಿಡಿಸಿ ನೋಡಿ. ಮೊದಲು ಲೇಖಕರು: ಅಡ್ಡಹೆಸರು ಮುಂದೆ, ಇನಿಷಿಯಲ್ ಹಿಂದೆ, ನಡುವೆ ಚುಕ್ಕೆಯಿಲ್ಲ. ಆರು ಮಂದಿಯವರೆಗೆ ಎಲ್ಲರ ಹೆಸರನ್ನೂ ಕೊಡುವುದು, ಹೆಚ್ಚಿದ್ದರೆ ಆರರ ನಂತರ 'ಮತ್ತಿತರರು' ಎನ್ನುವುದು ಅನೇಕ ಪತ್ರಿಕೆಗಳ ರೂಢಿ. ಆಮೇಲೆ ಲೇಖನದ ಶೀರ್ಷಿಕೆ. ಅನಂತರ ಪತ್ರಿಕೆಯ ಹೆಸರಿನ ಅಂಗೀಕೃತ ಸಂಕ್ಷಿಪ್ತ ರೂಪ. ಇಲ್ಲಿರುವುದು 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್'. ಕೊನೆಗೆ ಅಂಕಿಗಳು: 1957 ವರ್ಷ, 11 ಸಂಪುಟ, 619ರಿಂದ 645 ಪುಟ. 645ರ ಮೊದಲಿನ 6 ಮತ್ತೆ ಬರುವುದರಿಂದ ಅದನ್ನು ಬಿಟ್ಟು 45 ಎಂದಷ್ಟೇ ಬರೆಯುತ್ತಾರೆ. ಸಂಪುಟದುದ್ದಕ್ಕೂ ಪುಟಸಂಖ್ಯೆ ಮುಂದುವರಿಯುವ ಪತ್ರಿಕೆಗಳಲ್ಲಿ ಸಂಚಿಕೆಯ ಸಂಖ್ಯೆಯನ್ನು ಬಿಡುವುದೂ ಉಂಟು.

ಹೆಸರಿನ ವಿಷಯದಲ್ಲಿ ನಮ್ಮವರು ಒಂದು ಎಚ್ಚರ ವಹಿಸಬೇಕು. ಉತ್ತರ ಕರ್ನಾಟಕದಲ್ಲಿ ಪಾಟೀಲ, ಹಿರೇಮಠ, ಜಮಖಂಡಿ ಎಂಬ ಅಡ್ಡಹೆಸರುಗಳಿವೆ. ಹಳೆಯ ಮೈಸೂರಿನ ಕಡೆ ಅನೇಕರಿಗೆ ಅಡ್ಡಹೆಸರೇ ಇಲ್ಲ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ. ಒಬ್ಬರೇ ಲೇಖಕರು ಒಂದು ಲೇಖನದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ಹೆಸರು ಬರೆದರೆ ಸೂಚಿಪಟ್ಟಿಗಳಲ್ಲಿ ಇಬ್ಬರಾಗಿಬಿಡುತ್ತಾರೆ.

ಈ ಕ್ರಮಕ್ಕೆ ವ್ಯಾಂಕೂವರ್ ಶೈಲಿ ಎಂದು ಹೆಸರು. ಹಿಂದೆ ಒಂದೊಂದು ಪತ್ರಿಕೆ ಒಂದೊಂದು ರೂಪವನ್ನು ಬೇಡುತ್ತಿತ್ತು. ಒಂದು ಕಡೆಯಿಂದ ಹಿಂತಿರುಗಿದ ಹಸ್ತಪ್ರತಿಯನ್ನು ಇನ್ನೊಂದು ಕಡೆಗೆ ಕಳಿಸಬೇಕಾದರೆ ಪಟ್ಟಿಯನ್ನೆಲ್ಲ ಹೊಸದಾಗಿ ಟೈಪು ಮಾಡಬೇಕಿತ್ತು. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ ಏಕರೂಪದ ನಿಯಮಗಳನ್ನು ಯೋಚಿಸಿದರು. 1979ರಲ್ಲಿ ಅವು ಪ್ರಕಟವಾದವು. ಉಲ್ಲೇಖದ ರೂಪವನ್ನು ರಚಿಸಿಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ.

ಲೇಖನದ ಒಳಗೆ ಹೆಸರು, ವರ್ಷಗಳ ಬದಲು ಅಂಕಿ ಬರುತ್ತದೆ. ಮೊದಲು ಬಂದ ಆಧಾರಕ್ಕೆ 1, ಅನಂತರದ್ದಕ್ಕೆ 2. ಅದೇ ಆಧಾರ ಮತ್ತೆ ಬಂದರೆ ಹೊಸ ಅಂಕಿಯಿಲ್ಲ, ಹಳೆಯದೇ. ಪಟ್ಟಿಯೂ ಅಕಾರಾದಿಯಾಗಿರದೆ ಈ ಕ್ರಮದಲ್ಲೇ ಇರುತ್ತದೆ. ಅಂಕಿ ಆವರಣದಲ್ಲಿರಬೇಕೇ, ಸಾಲಿನ ಮೇಲ್ಭಾಗದಲ್ಲಿರಬೇಕೇ ಎಂಬುದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಆದ್ದರಿಂದ ಹಸ್ತಪ್ರತಿ ಕಳಿಸುವ ಮುನ್ನ ಆ ಪತ್ರಿಕೆ ಲೇಖಕರಿಗೆ ಕೊಟ್ಟಿರುವ ಸೂಚನೆಗಳನ್ನು ತಪ್ಪದೆ ಓದಬೇಕು.

ಇಷ್ಟೆಲ್ಲ ಸರಿಯಿದ್ದರೆ ಸಾಕೆ? ಸಾಲದು. ಉತಾರ ಶುದ್ಧವಾಗಿದ್ದರೂ ಹೊಲಕ್ಕೆ ಹೋಗಿ ನೋಡದೆ ಬೆಳೆಯ ಅಂದಾಜು ಬರೆದವನ ಮಾತನ್ನು ನಂಬಲಾಗದು. 1980ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬುವರ ಐದು ವಾಕ್ಯಗಳ ಪತ್ರವೊಂದು ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದು ಅಫೀಮು ವರ್ಗದಂಥ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆಗಳಲ್ಲಿ, ಮೊದಲು ಚಟದ ಇತಿಹಾಸವಿಲ್ಲದವರು ಚಟಕ್ಕೆ ಬಿದ್ದದ್ದು ಖಚಿತವಾಗಿ ಕಂಡದ್ದು ನಾಲ್ಕೇ ಎಂದು ಅದರಲ್ಲಿತ್ತು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದು ಏನೂ ಹೇಳಿರಲಿಲ್ಲ. ಆದರೆ 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳಲ್ಲಿ ಶೇಕಡ 72ರಷ್ಟು ಅದನ್ನು ಚಟ ಅಪರೂಪ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದವು; ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಮಾತನ್ನು ಶೇಕಡ 80ರಷ್ಟು ಬರಹಗಳು ಹೇಳಿರಲೇ ಇಲ್ಲ. ಉತ್ತರ ಅಮೆರಿಕದಲ್ಲಿ ಈ ಔಷಧಿಗಳ ಚಟ ದೊಡ್ಡ ಪಿಡುಗಾಗಿ ಬೆಳೆಯಲು ಇಂಥ ಉಲ್ಲೇಖಗಳೂ ಕಾರಣವಾದವು ಎಂದು ವಿಶ್ಲೇಷಕರು ತೀರ್ಮಾನಿಸಿದರು. ಅಂಕಿ, ಚುಕ್ಕೆಗಳಲ್ಲಿ ತಪ್ಪಿಲ್ಲದ ಉಲ್ಲೇಖವೂ ಮೂಲವನ್ನು ಓದದೆ ಬರೆದದ್ದಾದರೆ ರೋಗಿಯ ಹಾಸಿಗೆಯವರೆಗೆ ಕೇಡನ್ನು ಒಯ್ಯಬಲ್ಲದು.

ಇಂದು ಜೋಟೆರೊ, ಎಂಡ್‌ನೋಟ್ ಮೊದಲಾದ ತಂತ್ರಾಂಶಗಳು ಪಟ್ಟಿಯನ್ನು ಕ್ಷಣಾರ್ಧದಲ್ಲಿ ಬೇಕಾದ ಶೈಲಿಗೆ ತಿರುಗಿಸಿಕೊಡುತ್ತವೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಾದರೋ, ಲೇಖಕರ ಹೆಸರು, ಸಂಪುಟ, ಪುಟ ಎಲ್ಲವೂ ಇರುವ, ಆದರೆ ಎಲ್ಲಿಯೂ ಪ್ರಕಟವಾಗದ ಲೇಖನದ ಉಲ್ಲೇಖವನ್ನೂ ಬರೆದುಕೊಟ್ಟಿದ್ದುಂಟು. ರೂಪ ಸುಲಭವಾದಷ್ಟೂ ಪರಿಶೀಲನೆಯ ಹೊಣೆ ಹೆಚ್ಚು. ಪಬ್‌ಮೆಡ್ ಎಂಬ ಉಚಿತ ಸೂಚಿಯಲ್ಲಿ ಶೀರ್ಷಿಕೆ ಕೊಟ್ಟು ಹುಡುಕಿದರೆ, ಅನೇಕ ಲೇಖನಗಳು ನಿಜವಾಗಿ ಇವೆಯೇ, ಆಮೇಲೆ ಹಿಂತೆಗೆದುಕೊಂಡವೇ ಎಂಬುದು ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ನೀವು ವೈದ್ಯರಾಗುವವರೆಗೆ ಕಾಯಬೇಕಿಲ್ಲ. ಈ ವಾರ ಪತ್ರಿಕೆಯಲ್ಲೋ ನಮ್ಮದೇ ಕಾರ್ಯಕ್ರಮದಲ್ಲೋ ಆರೋಗ್ಯದ ಬಗ್ಗೆ ಕೇಳಿದ ಒಂದು ಅಂಕಿಯನ್ನು ಆರಿಸಿಕೊಳ್ಳಿ. ಅದನ್ನು ಮೊದಲು ಯಾರು, ಎಲ್ಲಿ, ಯಾವ ವರ್ಷ ಹೇಳಿದರು ಎಂದು ಹುಡುಕಿ, ಮೂಲವನ್ನು ಓದಿ, ಮೇಲೆ ಹೇಳಿದ ಕ್ರಮದಲ್ಲಿ ಒಂದೇ ಒಂದು ಸಾಲು ಬರೆಯಿರಿ. ಆಮೇಲೆ ಅದನ್ನು ಗೆಳೆಯನ ಕೈಗೆ ಕೊಡಿ. ನಿಮ್ಮನ್ನು ಏನೂ ಕೇಳದೆ ಅವನು ಆ ಪುಟವನ್ನು ತಲುಪಿದರೆ ನಿಮ್ಮ ಉಲ್ಲೇಖ ಸರಿಯಾಗಿದೆ ಎಂದು ತಿಳಿಯಿರಿ.