ಆ ಡಯಲ್ಲನ್ನು ಮುಟ್ಟಬೇಡಿ

2014ರ ಸೆಪ್ಟೆಂಬರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಗಳನ್ನು ಮುಚ್ಚುತ್ತಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಬೆಂಗಳೂರಿನ ಎಚ್‌ಎಂಟಿ ಮಳಿಗೆಗಳಿಗೆ ಜನ ಮುಗಿಬಿದ್ದರು. ವರ್ಷಗಟ್ಟಲೆ ಆ ಬಾಗಿಲು ತುಳಿಯದವರೂ ಬಂದು ಇದ್ದಬದ್ದ ವಾಚುಗಳನ್ನು ಕೊಂಡುಹೋದರು. ಇನ್ನೊಂದು ನೂಕುನುಗ್ಗಲು ಇಂಟರ್‌ನೆಟ್ಟಿನಲ್ಲಿ ನಡೆಯಿತು. ಜನತಾ, ಪೈಲಟ್, ಕೊಹಿನೂರ್ ಮಾದರಿಗಳಿಗೆ ಮಳಿಗೆಯ ಬೆಲೆಯ ಹಲವು ಪಟ್ಟು ದರ ಹಾಕಿ ಮಾರುವವರು ಹುಟ್ಟಿಕೊಂಡರು. ಅಪ್ಪನ ಮೇಜಿನ ಡ್ರಾಯರಿನಲ್ಲಿ ಹಳೆ ರಸೀದಿ, ರಬ್ಬರ್ ಬ್ಯಾಂಡುಗಳ ಜೊತೆ ಬಿದ್ದುಕೊಂಡಿದ್ದ ವಾಚು ದಿಢೀರನೆ ‘ವಿಂಟೇಜ್’ ಆಯಿತು.

ಹಳೆಯದಕ್ಕೆ ಬೆಲೆ ಬಂದದ್ದು ಸಂತೋಷದ ವಿಷಯವೇ. ಆದರೆ ಆ ಮಾರಾಟದ ಭರಾಟೆಯಲ್ಲಿ ಎಷ್ಟೋ ಅಸಲಿ ಡಯಲ್ಲುಗಳು ಬಣ್ಣದ ಕೆಳಗೆ ಹೂತುಹೋದವು. ಹೋದ ಡಯಲ್ಲು ಮತ್ತೆ ಬರುವುದಿಲ್ಲ. ಮನೆಯಲ್ಲಿರುವ ಹಳೆ ವಸ್ತುವನ್ನು ಆನ್‌ಲೈನಿನಲ್ಲಿ ಮಾರಲು ಹೊರಟಿರುವ ಎಲ್ಲರೂ ಈ ಕತೆಯನ್ನು ಒಮ್ಮೆ ತಿಳಿದುಕೊಳ್ಳಬೇಕು ಅನ್ನಿಸುವುದು ಅದಕ್ಕೇ.

ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1953ರಲ್ಲಿ ಶುರುವಾದದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ವಾಚಿನ ಕೆಲಸ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನೊಂದಿಗೆ, ಬೆಂಗಳೂರಿನಲ್ಲಿ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. ಮುಂದೆ ತುಮಕೂರು, ಶ್ರೀನಗರ, ರಾಣೀಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು. ಜೋಡಣೆಯ ಬೆಂಚುಗಳಲ್ಲಿ ನಮ್ಮ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಅಳಿಯನಿಗೆ ಕಾಂಚನ್ ವಾಚು ಕೊಡಿಸಲು ಮಾವಂದಿರು ಪರದಾಡಿದ ಕಾಲವೊಂದಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ನಿವೃತ್ತಿಯ ದಿನ ಹಾರದ ಜೊತೆ ವಾಚು. 1984ರಲ್ಲಿ ಟೈಟನ್ ಸ್ಥಾಪನೆಯಾಗಿ, ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳು ಬರತೊಡಗಿದ ಮೇಲೆ ಎಚ್‌ಎಂಟಿಗೆ ಇಳಿಗಾಲ ಹಿಡಿಯಿತು. ಆದರೂ ಅದು ಕೀ ಕೊಡುವ ವಾಚನ್ನು ಕೈಬಿಡಲಿಲ್ಲ. ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಅಧಿಕೃತವಾಗಿ ಒಪ್ಪಿದ್ದು 2016ರ ಜನವರಿಯಲ್ಲಿ.

ಆನ್‌ಲೈನ್ ಮಾರಾಟದ ಕತೆ ಬೇರೊಂದು ದೇಶದಲ್ಲಿ ಶುರುವಾಗುತ್ತದೆ. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಆಕ್ಷನ್‌ವೆಬ್ ಎಂಬ ಹರಾಜು ತಾಣ ತೆರೆದ. ಅಲ್ಲಿ ಮೊದಲು ಮಾರಾಟವಾದದ್ದು ಅವನದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಎಂದು ಅವನೇ ಬರೆದಿದ್ದ. ಆದರೂ ಅದು 14.83 ಡಾಲರಿಗೆ ಹೋಯಿತು. ಕೊಂಡವನಿಗೆ ತಪ್ಪು ತಿಳಿವಳಿಕೆ ಆಗಿರಬಹುದೆಂದು ಒಮಿಡ್ಯಾರ್ ಪತ್ರ ಬರೆದು ವಿಚಾರಿಸಿದರೆ, ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನು ಎಂಬ ಉತ್ತರ ಬಂತು. ಆ ತಾಣವೇ ಮುಂದೆ ಇಬೇ ಆಯಿತು. ಪೆಜ್ ಮಿಠಾಯಿ ಡಬ್ಬಿ ಸಂಗ್ರಹಿಸುತ್ತಿದ್ದ ಗೆಳತಿಗಾಗಿ ಇಬೇ ಹುಟ್ಟಿತು ಎಂಬ ಸುಂದರ ಕತೆಯೂ ಇದೆ. ಅದು ಕಂಪನಿಯ ಪ್ರಚಾರ ವಿಭಾಗ ಕಟ್ಟಿದ್ದು. ನನಗೆ ಕೆಟ್ಟ ಪಾಯಿಂಟರಿನ ಕತೆಯೇ ಮುಖ್ಯ. ಕೊರತೆಯನ್ನು ಮುಚ್ಚಿಡದೆ ಬರೆದರೆ, ಆ ಕೊರತೆ ಗೊತ್ತಿದ್ದೂ ಬೇಕೆನ್ನುವವನು ಎಲ್ಲೋ ಇರುತ್ತಾನೆ. 1996ರಲ್ಲಿ ಕೊಂಡವರೂ ಮಾರಿದವರೂ ಪರಸ್ಪರ ಅಭಿಪ್ರಾಯ ಬರೆಯುವ ಏರ್ಪಾಡು ಬಂತು. ಮುಖ ನೋಡದವರ ನಡುವಿನ ವ್ಯಾಪಾರ ನಿಂತದ್ದು ಮುಚ್ಚಿಡದ ವಿವರಣೆ, ಪರಸ್ಪರ ಅಭಿಪ್ರಾಯ ಎಂಬ ಎರಡು ಕಂಬಗಳ ಮೇಲೆ.

ಇಂಡಿಯಾಕ್ಕೆ ಇಬೇ ಬಾಜೀ ಡಾಟ್ ಕಾಮ್ ಮೂಲಕ ಬಂತು. 2004ರಲ್ಲಿ ಇಬೇ ಬಾಜೀಯನ್ನು ಕೊಂಡಿತು. 2018ರ ಆಗಸ್ಟಿನಲ್ಲಿ ಅದರ ಭಾರತೀಯ ತಾಣ ಬಾಗಿಲು ಹಾಕಿತು. ನಡುವೆ ಓಎಲ್‌ಎಕ್ಸ್, ಕ್ವಿಕರ್‌ಗಳು ಊರೊಳಗಿನ ಮಾರಾಟವನ್ನು ರೂಢಿಸಿದವು. ಈಗ ಸಾಕಷ್ಟು ವ್ಯವಹಾರ ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಡೆಯುತ್ತಿದೆ.

ಹೊರದೇಶದ ವಾಚುಪ್ರಿಯರ ಕಣ್ಣಿಗೆ ಎಚ್‌ಎಂಟಿ ಬಿದ್ದದ್ದು ಇಬೇಯಲ್ಲಿ. ಸ್ವಿಸ್ ಮೆಕ್ಯಾನಿಕಲ್ ವಾಚು ಕೊಳ್ಳಲಾಗದ ಕಾಲೇಜು ಹುಡುಗನಿಗೂ ಇದು ಎಟಕುತ್ತಿತ್ತು. ಹದಿನೇಳು ಜ್ಯುವೆಲ್, ಕೈಯಲ್ಲಿ ಕೀ ಕೊಡುವ ಗಟ್ಟಿ ಮಷೀನು, ಡಯಲ್ಲಿನ ಮೇಲೆ ದೇವನಾಗರಿಯಲ್ಲಿ ಹೆಸರು. ಬೇಡಿಕೆ ಕುದುರಿತು. ಕೂಡಲೇ ಕಡುಕಿತ್ತಳೆ ಜನತಾ, ಗುಲಾಬಿ ಪೈಲಟ್, ಗಾಂಧಿ ಚಿತ್ರದ ಡಯಲ್ಲು, ಬಾವುಟದ ಡಯಲ್ಲು, ಕಾರ್ಖಾನೆ ಎಂದೂ ಕಾಣದ ಬಣ್ಣಗಳೆಲ್ಲ ಬಂದವು. ಒಂದು ವಾಚಿನ ಮಷೀನು, ಇನ್ನೊಂದರ ಕೇಸು, ಮತ್ತೆಲ್ಲಿಯದೋ ಮುಳ್ಳು, ಮೇಲೆ ಹೊಸ ಬಣ್ಣ. ವಿದೇಶಿ ಸಂಗ್ರಾಹಕರು ಇಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯತೊಡಗಿದರು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಇಂಡಿಯಾದಿಂದ ಬರುವ ಹಳೆ ವಾಚು ಎಂದರೇ ಅನುಮಾನಿಸುವಂತಾಯಿತು. ಶ್ರದ್ಧೆಯಿಂದ ಅಸಲಿ ವಾಚು ಮಾರುವವನಿಗೂ ಆ ಕಳಂಕ ತಗಲಿತು. ಇದು ನನಗೆ ಇಂದಿಗೂ ಸಿಟ್ಟು ಬರಿಸುವ ಸಂಗತಿ.

ಚಿಕ್ಕಪೇಟೆಯ ಸಂದಿಯೊಂದರಲ್ಲಿ, ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ವಾಚ್ ರಿಪೇರಿಯವರೊಬ್ಬರು ನನಗೆ ಎರಡು ಜನತಾ ಡಯಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೆಗೆದು ನನ್ನ ಕೈಗಿಟ್ಟು, “ಇಲ್ನೋಡಮ್ಮ, ಅಕ್ಷರದ ಅಂಚು ನೋಡು” ಎಂದರು. ಒಂದರಲ್ಲಿ ಬಿಳುಪು ಮಾಸಿ ಕೆನೆಬಣ್ಣಕ್ಕೆ ತಿರುಗಿತ್ತು; ಆರರ ಹತ್ತಿರ ತುಕ್ಕಿನ ಚುಕ್ಕೆ. ಆದರೆ ಅಕ್ಷರಗಳು ಕೊರೆದಿಟ್ಟ ಹಾಗೆ ಚೂಪು. ನಿಮಿಷದ ಗೆರೆಗಳು ಒಂದಕ್ಕೊಂದು ಸಮದೂರ, ಪ್ರತಿ ಗಂಟೆಯ ಪಟ್ಟಿಯ ನಡುಮಧ್ಯಕ್ಕೇ ಗೆರೆ ಬಂದು ನಿಂತಿತ್ತು. ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು. ಗಾಜಿನಡಿ ಹಿಡಿದಾಗ ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿದ್ದವು. ನಾಲ್ಕರ ಪಟ್ಟಿಗೂ ನಿಮಿಷದ ಗೆರೆಗೂ ತಾಳೆಯೇ ಇಲ್ಲ. “ಇದು ಎಷ್ಟಕ್ಕೆ ಹೋಗುತ್ತೆ?” ಎಂದೆ. “ಗೊತ್ತಿಲ್ಲದೋರು ಬೆಳ್ಳಗಿರೋದನ್ನೇ ಕೇಳ್ತಾರೆ. ಗೊತ್ತಿರೋರು ಚುಕ್ಕೆ ಇರೋದಕ್ಕೆ ಎರಡರಷ್ಟು ಕೊಡ್ತಾರೆ” ಎಂದರು.

ಡಯಲ್ಲಿಗೆ ಬಣ್ಣ ಹೊಡೆಸುವುದು ಮೋಸಕ್ಕೆಂದೇ ಹುಟ್ಟಿದ ಕಸುಬಲ್ಲ ಎಂಬುದನ್ನೂ ಹೇಳಬೇಕು. ಹೊರದೇಶದ ವಾಚು ತರಿಸುವುದು ಕಷ್ಟವಿದ್ದ ದಶಕಗಳಲ್ಲಿ, ಒಂದು ಫಾವ್ರ್-ಲೂಬಾ ಅಥವಾ ವೆಸ್ಟ್ ಎಂಡ್ ವಾಚು ಅಪ್ಪನಿಂದ ಮಗನಿಗೆ ಬರುತ್ತಿತ್ತು. ನಮ್ಮ ಮಳೆಗಾಲದ ತೇವಕ್ಕೆ ಡಯಲ್ಲು ಕಲೆಗಟ್ಟುತ್ತಿತ್ತು. ಕಟ್ಟಿಕೊಳ್ಳುವವನಿಗೆ ಹೊತ್ತು ಸರಿಯಾಗಿ ಕಂಡರೆ ಸಾಕು. ರಿಪೇರಿಯವರು ಅವನು ಕೇಳಿದ ಕೆಲಸ ಮಾಡಿಕೊಟ್ಟರು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಫೋನಿನ ತೆರೆಯ ಮೇಲೆ ಅಂಗೈಯಷ್ಟೂ ಇಲ್ಲದ ಚಿತ್ರಗಳ ಸಾಲಿನಲ್ಲಿ ವಾಚು ಮಾರಬೇಕಾಗಿ ಬಂದಾಗ ಹೊಳೆಯುವುದೇ ಗೆದ್ದಿತು. ಬಣ್ಣ ಹೊಡೆದು, ‘ಅಸಲಿ’ ಎಂದೋ ‘ಬಳಸದ ಹಳೆ ದಾಸ್ತಾನು’ ಎಂದೋ ಬರೆದರಲ್ಲ, ತಪ್ಪು ಶುರುವಾದದ್ದು ಅಲ್ಲಿ. ‘ಡಯಲ್ಲಿಗೆ ಬಣ್ಣ ಹೊಡೆಸಲಾಗಿದೆ’ ಎಂಬ ಒಂದು ಸಾಲು ಸೇರಿಸಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಹಾಗಾಗಿ ಮನೆಯ ಹಳೆ ವಾಚು ಮಾರಬೇಕೆಂದು ನನ್ನನ್ನು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಏನೂ ಮಾಡಬೇಡಿ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿ, ಸಾಕು. ಕೇಸನ್ನು ಪಾಲಿಶ್‌ಗೆ ಕೊಟ್ಟರೆ ಅಂಚುಗಳು ಕರಗಿ ಗುಂಡಾಗುತ್ತವೆ. ಸವೆದ ಕೀಗೆ ಬದಲು ಸಿಕ್ಕಿದ ಕೀ ಹಾಕಿಸಬೇಡಿ. ಹಾಕಿಸಿದ್ದರೆ ಹಳೆಯದನ್ನೂ ವಾಚಿನ ಜೊತೆ ಕೊಡಿ. ವಾಚು ಮಾತ್ರವಲ್ಲ, ಹಿತ್ತಾಳೆ ಪಾತ್ರೆ, ಮರದ ಪೆಟ್ಟಿಗೆ, ಹಳೆ ರೇಡಿಯೊಗೂ ಇದೇ ಮಾತು. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳಿಸಿದ ದೀಪಕ್ಕಿಂತ, ಕಾಲದ ಬಣ್ಣ ಉಳಿದಿರುವ ದೀಪವನ್ನು ಸಂಗ್ರಾಹಕರು ಹುಡುಕುತ್ತಾರೆ.

ಫೋಟೊ ತೆಗೆಯುವುದು ಬೆಳಗಿನ ಹೊತ್ತು, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ. ಮುಂಭಾಗ, ಪಕ್ಕ, ಹಿಂದಿನ ಮುಚ್ಚಳದ ಬರಹ ಎಲ್ಲವೂ ಬೇಕು. ಸಾಧ್ಯವಾದರೆ ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ಒಳಗಿನ ಮಷೀನಿನ ಚಿತ್ರವೂ ಇರಲಿ. ತಿಳಿದ ಗಿರಾಕಿ ಮೊದಲು ನೋಡುವುದೇ ಅದನ್ನು. ಗೀರು, ಕಲೆ, ಬಿರುಕುಗಳಿಗೆ ಒಂದೊಂದು ಹತ್ತಿರದ ಚಿತ್ರ ಕೊಡಿ. ಪಕ್ಕದಲ್ಲಿ ಹೆಸರು, ತಾರೀಕು ಬರೆದ ಚೀಟಿ ಇಟ್ಟು ಒಂದು ಚಿತ್ರ ತೆಗೆದರೆ ವಸ್ತು ನಿಮ್ಮ ಕೈಯಲ್ಲೇ ಇದೆ ಎಂಬುದಕ್ಕೆ ಸಾಕ್ಷಿ.

ವಿವರಣೆಯಲ್ಲಿ ‘ವರ್ಕಿಂಗ್ ಕಂಡಿಷನ್’ ಎಂದಷ್ಟೇ ಬರೆದರೆ ಏನೂ ಬರೆದಂತಾಗುವುದಿಲ್ಲ. ಪೂರ್ತಿ ಕೀ ಕೊಟ್ಟರೆ ಎಷ್ಟು ಗಂಟೆ ಓಡುತ್ತದೆ, ದಿನಕ್ಕೆ ಎಷ್ಟು ಮುಂದೆ ಅಥವಾ ಹಿಂದೆ ಹೋಗುತ್ತದೆ ನೋಡಿ ಬರೆಯಿರಿ. ಕೊನೆಯ ಸಲ ಸರ್ವಿಸ್ ಆದದ್ದು ಯಾವಾಗ, ಯಾವ ಭಾಗ ಬದಲಾಗಿದೆ, ಕೀ ಬಿಟ್ಟು ಅಗಲ ಎಷ್ಟು ಮಿಲಿಮೀಟರ್ ಎಂಬುದೂ ಇರಲಿ. ಯಾರು ಕಟ್ಟಿಕೊಳ್ಳುತ್ತಿದ್ದರು, ಯಾವ ಊರಿನಲ್ಲಿ ಕೊಂಡದ್ದು ಎಂಬುದನ್ನೂ ಎರಡು ಸಾಲು ಸೇರಿಸಿ. ಗ್ಯಾರಂಟಿ ಕಾರ್ಡು, ಬಿಲ್ಲು ಇದ್ದರೆ ಬೆಲೆ ಏರುತ್ತದೆ.

ಬೆಲೆ ಕಟ್ಟುವಾಗ ಹೆಚ್ಚಿನವರು ಬೇರೆಯವರು ಕೇಳುತ್ತಿರುವ ಬೆಲೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಮಾರಾಟವಾದ ಬೆಲೆಯನ್ನು. ಇಬೇಯಲ್ಲಿ ಮುಗಿದ ಮಾರಾಟಗಳನ್ನೇ ಹುಡುಕಬಹುದು. ಹತ್ತು ಸಾವಿರ ಕೇಳಿ ವರ್ಷಗಟ್ಟಲೆ ಮಾರದೆ ಕೂತ ಜನತಾಗಳು ಬೇಕಾದಷ್ಟಿವೆ. ಕಳಿಸುವಾಗ ಗಾಳಿಗುಳ್ಳೆಯ ಪ್ಲಾಸ್ಟಿಕ್ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ಅಲ್ಲಾಡಿಸಿದರೆ ಸದ್ದು ಬರದಂತೆ ತುಂಬಿ. ಪ್ಯಾಕ್ ಮಾಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಹಣದ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುವವರ ಕೈಗೆ ಅದೆಷ್ಟೋ ಜನ ಸಿಕ್ಕಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ.

ಇನ್ನು ಕಾನೂನು. ಎಚ್‌ಎಂಟಿ ವಾಚಿಗೆ ಆ ತೊಡಕಿಲ್ಲ. ಆದರೆ ನೂರು ವರ್ಷ ದಾಟಿದ ವಿಗ್ರಹ, ಕಲಾಕೃತಿಗಳು, 75 ವರ್ಷ ದಾಟಿದ ಮೌಲ್ಯವುಳ್ಳ ತಾಳೆಗರಿ ಮತ್ತು ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟು ಸಿಕ್ಕಿದರೆ ಫೋಟೊ ಹಾಕುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಬೆಂಗಳೂರಿನಲ್ಲಿದ್ದವರಿಗೆ ಇನ್ನೊಂದು ಅನುಕೂಲವಿದೆ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂನಲ್ಲಿ ಕಾರ್ಖಾನೆಯಿಂದ ಹೊರಬಂದ ರೂಪದಲ್ಲೇ ವಾಚುಗಳನ್ನು ಇಟ್ಟಿದ್ದಾರೆ. ನಿಮ್ಮದನ್ನು ಕಟ್ಟಿಕೊಂಡೇ ಹೋಗಿ ಪಕ್ಕಕ್ಕಿಟ್ಟು ನೋಡಿ, ಆಮೇಲೆ ‘ಅಸಲಿ’ ಎಂದು ಬರೆಯಿರಿ. ಊರೂರಿನಿಂದ ಎಲ್ಲರೂ ಬರಲಾಗದು. ಯಾವ ಮಾದರಿಗೆ ಯಾವ ಬಣ್ಣದ ಡಯಲ್ಲು, ಯಾವ ಮುಳ್ಳು, ಯಾವ ಕೀ ಇತ್ತು ಎಂಬುದನ್ನು ಚಿತ್ರಸಹಿತ ಎಲ್ಲರಿಗೂ ಸಿಗುವಂತೆ ಎಚ್‌ಎಂಟಿಯೇ ಪ್ರಕಟಿಸಬೇಕು. ಆ ಡಯಲ್ಲುಗಳನ್ನು ಅಚ್ಚು ಹಾಕಿದವರು, ಜೋಡಿಸಿದವರು ಜಾಲಹಳ್ಳಿ, ತುಮಕೂರಿನ ಮನೆಗಳಲ್ಲಿ ನಿವೃತ್ತರಾಗಿ ಕೂತಿದ್ದಾರೆ. ಅವರ ಮುಂದೆ ಕೂತು ಕೇಳಿ ಬರೆದುಕೊಳ್ಳುವ ಕೆಲಸ ಈ ವರ್ಷವೇ ಶುರುವಾಗಬೇಕು.