ಹೊಡೆಯಲೂ ಬರಬೇಕು, ಕೈ ತಡೆಯಲೂ ಬರಬೇಕು

ರಾಯಕೋಟೆ: 1791ರಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ವಶವಾದ ಕೋಟೆಯ ಬೆಟ್ಟದ ಕೆಳಗೆ ಭಾನುವಾರ ಬೆಳಿಗ್ಗೆ ಬಿದಿರು ಕೋಲುಗಳ ಸದ್ದು. ಸಿಲಂಬ ಕಲಿಯಲು ಬಂದ ಮಕ್ಕಳಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ. ತಮಿಳರ ಸಿಲಂಬ ನಮಗೆ ದೊಣ್ಣೆವರಸೆ, ತೆಲುಗರಿಗೆ ಕರ್ರಸಾಮು, ಮರಾಠಿಗರಿಗೆ ಲಾಠಿಕಾಠಿ. ಹೆಸರು ನಾಲ್ಕಾದರೂ ಹೆತ್ತವರ ಪ್ರಶ್ನೆ ಒಂದೇ.

"ಇದು ಬರೀ ಶಿಸ್ತಿಗಾ ಮಾಸ್ಟರ್, ಇಲ್ಲ ನಾಳೆ ರಸ್ತೇಲಿ ಯಾರಾದ್ರೂ ಅಡ್ಡ ಹಾಕಿದ್ರೆ ಉಪಯೋಗಕ್ಕೂ ಬರುತ್ತಾ?" ಹೈಸ್ಕೂಲ್ ಓದುವ ಮಗಳನ್ನು ಕರೆತಂದ ತಾಯಿಯೊಬ್ಬರು ಕೇಳಿಯೇಬಿಟ್ಟರು.

ಮಾಸ್ಟರ್ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ಹೊಡೆಯೋಕೇ ಬರದೋನು ನಾನು ಯಾರಿಗೂ ಹೊಡೆಯಲ್ಲ ಅಂದ್ರೆ ಅದು ತಾಳ್ಮೆ ಅಲ್ಲಮ್ಮ, ಭಯ. ಹೊಡೆಯೋಕೆ ಬಂದೂ ಕೈ ತಡ್ಕೊಂಡ್ರೆ ಅದು ವಿದ್ಯೆ."

ಜಪಾನಿನಲ್ಲೂ ಇದೇ ಚರ್ಚೆ

ಜಪಾನಿನ ಐಕಿಡೊ ವಿದ್ಯೆಯಲ್ಲೂ ಈ ವಾದ ಹಳೆಯದು. ಅದನ್ನು ರೂಪಿಸಿದ ಮೊರಿಹೇ ಉಯೆಶಿಬಾ (1883-1969) ಎದುರಾಳಿಯನ್ನು ಸೋಲಿಸುವುದಕ್ಕಿಂತ ಹೊಂದಾಣಿಕೆ ದೊಡ್ಡದು ಎಂದರು. ಬಲಕ್ಕೆ ಬಲ ಕೊಡದೆ ಪಕ್ಕಕ್ಕೆ ಸರಿದು, ಮೇಲೆ ಬಿದ್ದವನ ವೇಗದಿಂದಲೇ ಅವನನ್ನು ಕೆಡವುವುದು ಇದರ ರೀತಿ. ಹೆಚ್ಚಿನ ಐಕಿಡೊ ಶಾಲೆಗಳಲ್ಲಿ ಸ್ಪರ್ಧೆಯೇ ಇಲ್ಲ. ಜೊತೆಗಾರ ತಾನಾಗಿಯೇ ಬಿದ್ದುಕೊಟ್ಟರೆ ಕಲಿತದ್ದೇನು ಎಂಬುದು ಟೀಕಾಕಾರರ ಮಾತು. ಉಯೆಶಿಬಾರ ಶಿಷ್ಯ ಕೆಂಜಿ ಟೊಮಿಕಿ ಅದಕ್ಕಾಗಿಯೇ ಸ್ಪರ್ಧೆ ತಂದರು. ಇನ್ನೊಬ್ಬ ಶಿಷ್ಯ ಗೋಜೊ ಶಿಯೋಡಾರ ಶಾಲೆಯಲ್ಲಿ ಟೋಕಿಯೊದ ಗಲಭೆ ನಿಗ್ರಹ ಪೊಲೀಸರು ತರಬೇತಿ ಪಡೆದರು.

ಸಿಲಂಬಕ್ಕಿರುವ ಅಪಾಯ ಬೇರೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿತ್ತು. ಪಂದ್ಯದಲ್ಲಿ ಕೋಲು ಮೈಗೆ ತಾಕಿದರೆ ಅಂಕ. ಅಂಕದ ಹಿಂದೆ ಬಿದ್ದರೆ ತಡೆಯುವುದು ಮರೆಯುತ್ತದೆ. ಬರೀ ಕೋಲು ತಿರುಗಿಸಿದರೆ ಮೆರವಣಿಗೆಗೆ ಚೆಂದ, ಆದರೆ ಎದುರಿನಿಂದ ಏಟು ಬಂದಾಗ ಕಾಲೇ ಏಳುವುದಿಲ್ಲ.

ಇಲ್ಲಿ ಮೊದಲು ನೆಲ ಮುಟ್ಟಿ ನಮಸ್ಕಾರ, ನಂತರ ಹೆಜ್ಜೆ. ಆಮೇಲೆ ಜೋಡಿ ಅಭ್ಯಾಸ. ಏಟು ಎಲ್ಲಿಗೆ ಬರುತ್ತದೆಂದು ಮೊದಮೊದಲು ಹೇಳಿ ನಿಧಾನವಾಗಿ ಹೊಡೆಯುತ್ತಾರೆ. ಕೈ ಕುದುರಿದ ಮೇಲೆ ಹೇಳದೆ, ಜೋರಾಗಿ. ಅಂದು ಬೆರಳಿಗೆ ಪೆಟ್ಟು ತಿಂದ ಹುಡುಗನೊಬ್ಬ ಸಿಟ್ಟಿನಿಂದ ತಿರುಗಿ ಎರಡೇಟು ಬಾರಿಸಿದ. ಮಾಸ್ಟರ್ ಬೈಯಲಿಲ್ಲ. ಕೋಲು ಇಸ್ಕೊಂಡು ಮರದ ಕೆಳಗೆ ಕೂರಿಸಿದರು.

ಕಾನೂನೂ ಹೇಳುವುದು ಇದನ್ನೇ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಂ ಮಿತಿ ಹಾಕಿದೆ. ಹಾಗಾಗಿ ಕೈ ತಡೆಯುವುದು ಬರೀ ವೇದಾಂತವಲ್ಲ.

"ಬಸ್ಸಿನಲ್ಲಿ ಕೈಲಿ ಕೋಲಿರಲ್ಲವಲ್ಲ ಮಾಸ್ಟರ್?" ಎಂದರು ಆ ತಾಯಿ. "ಕಾಲಿರುತ್ತೆ, ಗಂಟಲಿರುತ್ತೆ. ದೂರ ಸರಿಯೋದು, ಕೂಗೋದು, ಓಡೋದು, ಎಲ್ಲಾ ವರಸೇನೇ" ಎಂಬ ಉತ್ತರ ಬಂತು.

ಪಾಠ ಮುಗಿಯುವ ಹೊತ್ತಿಗೆ ಮರದ ಕೆಳಗಿನ ಹುಡುಗ ಎದ್ದುಬಂದು ಜೊತೆಗಾರನ ಕೈ ಹಿಡಿದ. ಮಾಸ್ಟರ್ ಕೋಲು ವಾಪಸ್ ಕೊಟ್ಟರು. ಅದನ್ನೆಲ್ಲ ನೋಡುತ್ತಾ ನಿಂತಿದ್ದ ತಾಯಿ ಮಗಳ ಹೆಸರು ಬರೆಸಿಯೇ ಮನೆಗೆ ಹೊರಟರು.