ಜಮೀನ್ದಾರನ ಆಟ ಹುಟ್ಟಿದ ಬಗೆ

ಚೌಕಾಬಾರದಲ್ಲಿ ಕಾಯಿಯು ಸುತ್ತಿ ಬಂದು ನಡುಮನೆಯಲ್ಲಿ ಹಣ್ಣಾಗುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅಮೆರಿಕದ ಎಲಿಜಬೆತ್ ಮೇಗಿ ಎಂಬ ಶೀಘ್ರಲಿಪಿಗಾರ್ತಿಯು ಹೊಸದೊಂದು ಹಲಗೆಯಾಟವನ್ನು ಕಲ್ಪಿಸುವಾಗ ಆ ಕೊನೆಯ ಮನೆಯನ್ನೇ ಬಿಟ್ಟುಬಿಟ್ಟಳು. ನೆಲದ ಗೇಣಿಯು ಕೆಲವರನ್ನು ಧನಿಕರನ್ನಾಗಿಯೂ ಹಲವರನ್ನು ದರಿದ್ರರನ್ನಾಗಿಯೂ ಮಾಡುವುದೆಂಬ ಹೆನ್ರಿ ಜಾರ್ಜರ ತತ್ತ್ವವನ್ನು ಜನರಿಗೆ ಮನಗಾಣಿಸಬೇಕೆಂಬುದೇ ಆಕೆಯ ಮೊದಲ ಸಂಕಲ್ಪ. (ಉಪನ್ಯಾಸಕ್ಕೆ ಬಾರದವರೂ ಆಟಕ್ಕೆ ಬರುವರಷ್ಟೆ!) ಗೇಣಿಯು ಒಮ್ಮೆ ತೆತ್ತು ತೀರುವಂಥದಲ್ಲ, ಆದಕಾರಣ ದಾರಿಯು ಹಲಗೆಯ ಅಂಚಿನಲ್ಲಿ ಮತ್ತೆ ಮತ್ತೆ ಸುತ್ತಬೇಕಾಯಿತು. ಸುತ್ತೊಂದಕ್ಕೆ 100 ಡಾಲರು ಕೂಲಿ. ಪರರ ನೆಲದಲ್ಲಿ ನಿಂತರೆ ಗೇಣಿ. ಹೀಗೆ ಒಂದೊಂದು ನಿಯಮವೂ ಆ ಸಂಕಲ್ಪದಿಂದಲೇ ಹುಟ್ಟಿತು. 1904ರಲ್ಲಿ ಪೇಟೆಂಟು ದೊರೆಯಿತು. ಆಡಿದವರು ತಮ್ಮ ಊರಿನ ಬೀದಿಗಳ ಹೆಸರಿಟ್ಟು ತಿದ್ದಿಕೊಂಡರು. ಅದೇ ಮುಂದೆ ಮೊನಾಪಲಿಯಾಯಿತು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿಯು ಆಕೆಗೆ ಕೊಟ್ಟುದು 500 ಡಾಲರು. ನಿರ್ಮಾತೃವೆಂಬ ಕೀರ್ತಿಯು ಬಹುಕಾಲ ಚಾರ್ಲ್ಸ್ ಡಾರೋ ಎಂಬಾತನಿಗೆ ಸಂದಿತು.